ಒಂದು ಸೆಕೆಂಡ್ ಮುಂದ

1 ಜನವರಿ 2006, ಭಾನುವಾರ

ಇಂದು ಬೆಳಿಗ್ಗೆ ಐದೂವರೆಗೆ ಜಗತ್ತಿನ ಗಡಿಯಾರಗಳಿಗೆ ಒಂದು ಸೆಕೆಂಡನ್ನು ಸೇರಿಸಲಾಯಿತು. ಭೂಮಿ ತಿರುಗುವ ವೇಗ ನಮ್ಮ ಗಡಿಯಾರಗಳಿಗೆ ಪೂರ್ತಿ ಹೊಂದುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಗಡಿಯಾರಗಳೇ ಒಂದು ಸೆಕೆಂಡ್ ನಿಂತು ಭೂಮಿಗಾಗಿ ಕಾಯಬೇಕಾಗುತ್ತದೆ. ಕಳೆದ ಬಾರಿ ಹೀಗೆ ಮಾಡಿದ್ದು ಏಳು ವರ್ಷಗಳ ಹಿಂದೆ. ನಾನು ಐದಕ್ಕೆ ಮೊದಲೇ ಪ್ರಯೋಗಾಲಯದಲ್ಲಿದ್ದೆ. ಅಲ್ಲಿನ ಗಡಿಯಾರ ಐವತ್ತೊಂಬತ್ತರ ಬಳಿಕ ಸೊನ್ನೆಗೆ ಹೋಗದೆ ಅರವತ್ತನ್ನು ತೋರಿಸಿತು. ಅದನ್ನು ಎದ್ದು ಕುಳಿತು ನೋಡಿದವರು ಪುಣೆಯಲ್ಲಿ ಹೆಚ್ಚು ಜನ ಇರಲಾರರು.

ಏಳು ಗಂಟೆಯ ಸುಮಾರಿಗೆ ಉಪಗ್ರಹ ನಮ್ಮ ಮೇಲಿಂದ ಹಾದುಹೋಯಿತು. ಅದರ ಗಡಿಯಾರವನ್ನು ಹೋಲಿಸಿ ನೋಡಿದೆ. ಒಂದು ಸೆಕೆಂಡ್ ಕಾಯುವಂತೆ ಕಳಿಸಿದ್ದ ಆದೇಶ ಅದಕ್ಕೆ ತಲುಪಿಲ್ಲ, ಅದು ಕಾದಿಲ್ಲ. ಹೀಗಾಗಿ ಉಪಗ್ರಹದಲ್ಲಿರುವ ನಮ್ಮ ಗಾಮಾ ಕಿರಣ ಮಾಪಕ ಇನ್ನು ಮೇಲೆ ದಾಖಲಿಸುವ ಪ್ರತಿಯೊಂದು ಸಮಯವೂ ನಿಜವಾದ ಸಮಯಕ್ಕಿಂತ ಒಂದು ಸೆಕೆಂಡ್ ಹೆಚ್ಚಾಗಿರುತ್ತದೆ. ಗೊತ್ತಿರುವ ದೋಷ ದೋಷವಲ್ಲ. ಲೆಕ್ಕದಲ್ಲಿ ಕಳೆದರಾಯಿತು.

ಲೆಕ್ಕದ ಪ್ರೋಗ್ರಾಮ್ ಸಹೋದ್ಯೋಗಿ ಶ್ರೀ ಸಿದ್ದಾರೂಢ ಹುದ್ದಾರ ಅವರ ವಶದಲ್ಲಿದೆ. ಇಂಥ ತಿದ್ದುಪಡಿಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಡುವುದು ನಮ್ಮ ಪದ್ಧತಿ. ಭಾನುವಾರವಾದುದರಿಂದ ದಾಪೋಡಿಯ ಅವರ ಮನೆಗೆ ಫೋನ್ ಮಾಡಿದೆ. ಸಂಸ್ಥೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಬೇರೆ ಯಾರೂ ಇಲ್ಲದಾಗ ಕನ್ನಡದಲ್ಲಿಯೇ ಮಾತನಾಡುತ್ತೇವೆ.

"ಹುದ್ದಾರ ಅವರ, ಉಪಗ್ರಹದ ಗಡಿಯಾರ ಒಂದು ಸೆಕೆಂಡ್ ಮುಂದ ಅದ. ಪ್ರೋಗ್ರಾಮಿನ್ಯಾಗ ಸರಿಮಾಡ್ರಿ."

"ಒಂದ್ ಸೆಕೆಂಡ್ ಮುಂದ. ಆತ್ರಿ ಸರ," ಎಂದರು. ನಿದ್ದೆಯ ದನಿ. "ಹೊಸಾ ವರ್ಷದ ಶುಭಾಶಯ ಹೇಳಾಕ ಫೋನ್ ಮಾಡೀರಿ ಅಂದ್ಕೊಂಡೆ."

"ಅದೂ ಇರಲಿ," ಎಂದೆ.

17 ಜನವರಿ, ಮಂಗಳವಾರ

ಮಾಪಕ ಇಂದು ಒಂದು ಗಾಮಾ ಸ್ಫೋಟವನ್ನು ಹಿಡಿದಿದೆ. ಅವಧಿ ಅರ್ಧ ಸೆಕೆಂಡಿಗಿಂತ ಕಡಿಮೆ. ಎಲ್ಲೋ ಬಹು ದೂರದಲ್ಲಿ ಎರಡು ಸತ್ತ ನಕ್ಷತ್ರಗಳು ಒಂದಕ್ಕೊಂದು ಬಡಿದುಕೊಂಡಿರಬೇಕು ಎಂದು ಈಗಿನ ಊಹೆ. ಇಷ್ಟು ಚಿಕ್ಕ ಸ್ಫೋಟಗಳು ವಿರಳ. ಬೇರೆ ಯಾವ ಉಪಗ್ರಹವೂ ಇದನ್ನು ಕಂಡಂತಿಲ್ಲ.

ಸ್ಫೋಟದ ಸಮಯವನ್ನು ದಕ್ಷಿಣ ಧ್ರುವದ ಗುಂಪಿನವರಿಗೆ ಶ್ರೀ ಹುದ್ದಾರ ಅವರು ಸಂಜೆಯೇ ಕಳಿಸಿದರು. ಆ ಗುಂಪಿನವರು ಹಿಮದೊಳಗೆ ಬಹು ಆಳಕ್ಕೆ ಬೆಳಕಿನ ಮಾಪಕಗಳನ್ನು ಇಳಿಬಿಟ್ಟಿದ್ದಾರೆ. ಸ್ಫೋಟದಿಂದ ನ್ಯೂಟ್ರಿನೋ ಎಂಬ ಕಣಗಳು ಹೊರಟಿದ್ದರೆ, ಅವುಗಳಲ್ಲಿ ಒಂದಾದರೂ ಅದೇ ಕ್ಷಣ ಹಿಮದಲ್ಲಿ ನೀಲಿ ಮಿಂಚನ್ನು ಉಂಟುಮಾಡಬಹುದು. ಆದರೆ ಆ ಕ್ಷಣದ ಅಂಕಿಗಳನ್ನು ಈಗ ಯಾರೂ ನೋಡುವಂತಿಲ್ಲ. ಉಳಿದ ದಿನಗಳ ಅಂಕಿಗಳನ್ನು ಮಾತ್ರ ನೋಡಿ ಅಳೆಯುವ ವಿಧಾನವನ್ನು ನಿಗದಿಪಡಿಸಬೇಕು. ಆಮೇಲೆ ಗೊತ್ತುಪಡಿಸಿದ ಒಂದು ದಿನ ಎಲ್ಲರೂ ಸೇರಿ ಪೆಟ್ಟಿಗೆ ತೆರೆಯಬೇಕು, ಎಂದರೆ ಆ ಅಂಕಿಗಳನ್ನು ನೋಡಬೇಕು. ಮೊದಲೇ ಇಣುಕಿದವನು ತನಗೆ ಬೇಕಾದದ್ದು ಕಾಣುವಂತೆ ಅಳತೆಗೋಲನ್ನು ಬಗ್ಗಿಸುತ್ತಾನೆ, ತಿಳಿದು ಅಲ್ಲದಿದ್ದರೆ ತಿಳಿಯದೆ. "ಪೆಟ್ಟಿಗೆ ತೆರೆದ ಮೇಲೆ ಏನನ್ನೂ ಮುಟ್ಟಬಾರದು" ಎಂದು ನಾನು ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿ ಮೂರು ವರ್ಷಗಳಾದವು.

22 ಜನವರಿ, ಭಾನುವಾರ

ಔಂಧಿನ ಹೋಟೆಲಿನಲ್ಲಿ ಊಟ. ಮಾಲೀಕ ಕುಶಲ ಶೆಟ್ಟರು ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು.

"ಎಂತ ಸಾರ್, ಇವತ್ತಾದ್ರೂ ಸಿಕ್ಕಿದ್ನಾ ನಿಮ್ಮ ಆ ಕಳ್ಳ?"

ಕಳ್ಳನಲ್ಲ, ಕಣ ಎಂದೆ. ನಾವು ಮಾತನಾಡುತ್ತಿರುವಾಗಲೂ ಅಂಥ ಕಣಗಳು ಕೋಟಿಗಟ್ಟಲೆ ಅವರ ಮೈಯನ್ನು ದಾಟಿ ಹೋಗುತ್ತಿವೆ, ಭೂಮಿಯನ್ನೂ ದಾಟುತ್ತವೆ, ಎಲ್ಲಿಯೂ ತಡೆಯುವುದಿಲ್ಲ ಎಂದು ವಿವರಿಸಿದೆ.

"ಬಂದದ್ದೂ ಗೊತ್ತಾಗುದಿಲ್ಲ, ಹೋದದ್ದೂ ಗೊತ್ತಾಗುದಿಲ್ಲ?"

"ಇಲ್ಲ."

"ಹಾಗಾದ್ರೆ ನಿಮ್ಮದೇ ಜಾತಿ ಮಾರಾಯ್ರೆ. ಹನ್ನೆರಡು ವರ್ಷದಿಂದ ಬರ್ತಾ ಇದ್ದೀರಿ. ಒಂದು ದಿನ ಸಾಂಬಾರಿಗೆ ಉಪ್ಪು ಜಾಸ್ತಿ ಅಂತ ಹೇಳಿದ್ದುಂಟಾ?"

ಉಪ್ಪು ಸರಿಯಾಗಿಯೇ ಇರುತ್ತದೆ ಎಂದೆ. ಅವರು ಅಡುಗೆಮನೆಯ ಕಡೆ ತಿರುಗಿ ಇದನ್ನು ಗಟ್ಟಿಯಾಗಿ ಹೇಳಿ ನಕ್ಕರು.

14 ಫೆಬ್ರವರಿ, ಮಂಗಳವಾರ

ಸಿದ್ದಾರೂಢರು ನಿನ್ನೆ ರಜೆ ಹಾಕಿ ತಾಯಿಯನ್ನು ಜೇಜುರಿಯ ಗುಡಿಗೆ ಕರೆದುಕೊಂಡು ಹೋಗಿದ್ದರು. ಇಂದು ಬಂದಾಗ ಕಿವಿಯ ಹಿಂದೆ, ಕೊರಳಪಟ್ಟಿಯ ಮಡಿಕೆಯಲ್ಲಿ ಇನ್ನೂ ಭಂಡಾರದ ಅರಿಶಿನ ಉಳಿದಿತ್ತು. ಮಾಪಕದ ಎರಡನೆಯ ಪ್ರತಿಯಿರುವ ಕೋಣೆಯೊಳಗೆ ಧೂಳು ಹೋಗಬಾರದು. ಬಾಗಿಲಲ್ಲೇ ತಡೆದೆ.

"ಇದು ಧೂಳಲ್ರಿ ಸರ, ಮೈಲಾರಲಿಂಗನ ಪ್ರಸಾದ."

"ಮಾಪಕಕ್ಕ ಎರಡೂ ಒಂದ ರೀ."

ತೊಳೆದುಕೊಂಡು ಬಂದರು. ಊಟದ ಹೊತ್ತಿಗೆ ಡಬ್ಬಿಯಿಂದ ರೊಟ್ಟಿ, ಎಣ್ಣೆಗಾಯಿ ತೆಗೆದು ಅರ್ಧವನ್ನು ನನ್ನ ಮುಂದಿಟ್ಟರು. ಡಿಸೆಂಬರಿನಿಂದ ಇದು ನಡೆದಿದೆ. ಬೇಡವೆಂದು ಹೇಳುವುದಿದೆ, ಸಂದರ್ಭ ಸಿಕ್ಕಿಲ್ಲ.

ಅವರ ಹುದ್ದೆ ಯೋಜನೆಯದು. ಪ್ರತಿವರ್ಷ ಮಾರ್ಚ್ 31ಕ್ಕೆ ಮುಗಿದು ಮತ್ತೆ ಮುಂದುವರಿಯುತ್ತ ಏಳು ವರ್ಷಗಳಾಗಿವೆ. ಈ ಬಾರಿ ಮುಂದುವರಿಯುವುದಿಲ್ಲ. ಕಾಯಂ ಹುದ್ದೆಯೊಂದಕ್ಕೆ ಮಾರ್ಚ್ 24ರಂದು ಸಂದರ್ಶನವಿದೆ. ವಯಸ್ಸಿನ ಮಿತಿಯ ಪ್ರಕಾರ ಅದು ಅವರಿಗೆ ಕೊನೆಯ ಅವಕಾಶ.

20 ಫೆಬ್ರವರಿ, ಸೋಮವಾರ

ಸಂಜೆ ಪೆಟ್ಟಿಗೆ ತೆರೆಯಲಾಯಿತು. ವಿಭಾಗದ ಮುಖ್ಯಸ್ಥ ಡಾ. ಅಪ್ಪಾಸಾಹೇಬ ಖರಾಡೆ, ಸಿದ್ದಾರೂಢರು, ನಾನು ಫೋನಿನ ಸುತ್ತ ಕುಳಿತಿದ್ದೆವು. ಆ ತುದಿಯಲ್ಲಿ ಹಿಮದ ಗುಂಪಿನವರು. ವರ್ಷಾರಂಭದಿಂದ ನಾವು ಕಳಿಸಿದ ಸ್ಫೋಟಗಳನ್ನು ಒಂದೊಂದಾಗಿ ಓದುತ್ತ ಹೋದರು. ಏನೂ ಇಲ್ಲ. ಏನೂ ಇಲ್ಲ. ಜನವರಿ 17ರದ್ದಕ್ಕೆ ಬಂದಾಗ ಆ ತುದಿಯವರು ಅಂಕಿಯನ್ನು ಎರಡು ಬಾರಿ ಓದಿದರು. ನಂತರ, ಸ್ಫೋಟದ ಅವಧಿಯೊಳಗೇ ಒಂದು ನ್ಯೂಟ್ರಿನೋ ಇದೆ, ಶಕ್ತಿ ಬಹಳ ಹೆಚ್ಚು ಎಂದರು.

ದಿಕ್ಕು ಸ್ಪಷ್ಟವಿಲ್ಲ. ಇರುವುದು ಸಮಯದ ಸಾಕ್ಷ್ಯ ಮಾತ್ರ. ಇದು ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ನೂರಕ್ಕೆ ಒಂದು ಎಂದು ಲೆಕ್ಕ. ಕಂಡುಹಿಡಿದೆವು ಎನ್ನಲು ಅದು ಸಾಲದು. ಕಂಡಿತು ಎನ್ನಲು ಸಾಕು.

ಸಿದ್ದಾರೂಢರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತುಬಿಟ್ಟರು. "ಸರ, ಒಂದ ಒಂದು. ಆದ್ರ ಬಂತಲ್ರಿ," ಎಂದರು. ಖರಾಡೆಯವರು ನನ್ನನ್ನು ಪಕ್ಕಕ್ಕೆ ಕರೆದು, "ಕೌಜಲಗಿ, ಆತಾ ತ್ಯಾಚ ಕಾಮ ಝಾಲಂ," ಎಂದರು: ಇನ್ನು ಅವನ ಕೆಲಸ ಆದ ಹಾಗೆಯೇ. ಆಯ್ಕೆ ಸಮಿತಿಗೆ ಇದನ್ನು ತಾವೇ ಬರೆಯುವುದಾಗಿ ಹೇಳಿದರು. ಪ್ರಬಂಧವನ್ನು ಏಪ್ರಿಲ್ ಮೊದಲ ವಾರ ಕಳಿಸುವುದೆಂದು ತೀರ್ಮಾನವಾಯಿತು.

ಮನೆಗೆ ನಡೆದೇ ಬಂದೆ. ಹವೆ ಒಣಗಿದೆ.

26 ಫೆಬ್ರವರಿ, ಭಾನುವಾರ

ದಾಪೋಡಿಯಲ್ಲಿ ಸಿದ್ದಾರೂಢರ ಮನೆಯಲ್ಲಿ ಊಟ. ಹೋಗಬಾರದೆಂದಿದ್ದೆ, ಅವರ ತಾಯಿ ಸಾವಂತ್ರವ್ವನವರು ತಾವೇ ಫೋನ್ ಮಾಡಿದ್ದರಿಂದ ಹೋಗಬೇಕಾಯಿತು. ಎರಡು ಕೋಣೆ. ರೈಲು ಹೋದಾಗ ಗೋಡೆಯ ಹಲಗೆಯ ಮೇಲಿನ ತಟ್ಟೆಗಳು ಅಲುಗುತ್ತವೆ.

"ನಮ್ಮ ಸಿದ್ದೂಗ ಏನೋ ಸಿಕ್ಕತಂತಲ್ರಿ," ಎಂದರು ಆಕೆ. "ಕೈಯಾಗ ಹಿಡಿಯಾಕ ಬರತದೇನ್ರಿ ಅದು?"

"ಬರೂದಿಲ್ರಿ."

"ಕಣ್ಣಿಗೆ ಕಾಣತದೇನು?"

"ಕಾಣೂದಿಲ್ರಿ."

"ಅದನ್ನ ಹಿಡದಾನಂತ, ಅದಕ್ಕ ನೌಕರಿ ಕೊಡ್ತಾರಂತ. ಭಾಳ ಛಲೋ ಆತು. ನೌಕರಿ ಕಾಯಂ ಆಗ್ಲಿ, ಆಮ್ಯಾಲ ಮಾತಾಡೂಣಂತ ಹೇಳಿ ಮೂರು ಮನಿಯವರು ಕನ್ಯಾ ಕೊಡಲಾರದ ಕುಂತಾರ್ರಿ. ಈ ಮಗಗ ಮೂವತ್ತೊಂಬತ್ತು."

"ಅವ್ವಾ, ಮೂವತ್ತೆಂಟು," ಎಂದರು ಸಿದ್ದಾರೂಢ ಒಳಗಿನಿಂದ.

"ನಡೀತಿರೂದು ಮೂವತ್ತೊಂಬತ್ತೋ ಅಲ್ಲೋ? ಹೇಳ್ರಿ, ನೀವು ಲೆಕ್ಕದವರು."

ಆಕೆಯ ಲೆಕ್ಕ ಸರಿಯೆಂದು ಹೇಳಿದೆ. ಸಿದ್ದಾರೂಢ ನಗುತ್ತ ಹೊರಬಂದು ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು.

7 ಮಾರ್ಚ್, ಮಂಗಳವಾರ

ಪ್ರಬಂಧಕ್ಕಾಗಿ ನಮ್ಮ ಸಮಯಗಳನ್ನು ಇತರ ಉಪಗ್ರಹಗಳು ಪ್ರಕಟಿಸಿದ ಸಮಯಗಳೊಂದಿಗೆ ಹೋಲಿಸಿದೆ. ಇದು ಪ್ರತಿತಿಂಗಳು ಆಗಬೇಕಾದ ಕೆಲಸ. ಹೊಸ ವರ್ಷದಿಂದ ಬಾಕಿ ಉಳಿದಿತ್ತು. 17ರ ಸ್ಫೋಟವನ್ನು ನಾವು ಮಾತ್ರ ಕಂಡಿದ್ದು. ಉಳಿದವುಗಳಲ್ಲಿ ನಾಲ್ಕನ್ನು ಬೇರೆಯವರೂ ಕಂಡಿದ್ದಾರೆ. ನಾಲ್ಕರಲ್ಲೂ ನಮ್ಮ ಸಮಯ ಅವರದಕ್ಕಿಂತ ಎರಡು ಸೆಕೆಂಡ್ ತಡವಾಗಿದೆ. ಡಿಸೆಂಬರಿನ ಸ್ಫೋಟಗಳಲ್ಲಿ ಈ ವ್ಯತ್ಯಾಸವಿಲ್ಲ.

ಒಂದು ಸೆಕೆಂಡ್ ಆಗಿದ್ದರೆ ಜನವರಿಯ ತಿದ್ದುಪಡಿ ಮರೆತುಹೋಗಿದೆ ಎನ್ನಬಹುದಿತ್ತು. ಎರಡು ಎಂದರೆ ಮರೆತಿಲ್ಲ. ಕಳೆಯಬೇಕಾದಲ್ಲಿ ಕೂಡಿಸಲಾಗಿದೆ.

17ರ ಸ್ಫೋಟವೂ ಎರಡು ಸೆಕೆಂಡ್ ಹಿಂದೆ ಸರಿಯುತ್ತದೆ. ನ್ಯೂಟ್ರಿನೋ ಬಂದದ್ದು ಸ್ಫೋಟ ಮುಗಿದ ಬಳಿಕ, ನಾವು ಗೊತ್ತುಪಡಿಸಿದ ಅವಧಿಯ ಹೊರಗೆ.

ಪೆಟ್ಟಿಗೆ ಖಾಲಿ.

8 ಮಾರ್ಚ್, ಬುಧವಾರ

ಸಿದ್ದಾರೂಢರನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ.

"ಜನವರಿ ಒಂದನೇ ತಾರೀಖಿನ ತಿದ್ದುಪಡಿ ಏನು ಹಾಕೀರಿ?"

"ನೀವು ಹೇಳಿದ್ದ ಹಾಕೇನ್ರಿ ಸರ. ಪ್ಲಸ್ ಒಂದು."

"ನಾ ಪ್ಲಸ್ ಅಂದಿರಲಿಲ್ಲ."

"ಮುಂದ ಅಂದ್ರಿ."

"ಗಡಿಯಾರ ಮುಂದ ಅದ ಅಂದೆ."

"ಹೌದ್ರಿ. ಒಂದ್ ಸೆಕೆಂಡ್ ಮುಂದ ಅಂದ್ರಿ. ಮುಂದ ಸರಿಸೇನಿ."

ಗಡಿಯಾರ ಎಲ್ಲಿದೆ ಎಂದು ನಾನು ಹೇಳಿದ್ದೆ. ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ಅವರು ಕೇಳಿಸಿಕೊಂಡರು. ಪದ ಒಂದೇ. ಪದ್ಧತಿಯಂತೆ ಬರೆದು ಕೊಟ್ಟಿದ್ದರೆ ಕಳೆಯುವ ಚಿಹ್ನೆ ಹಾಕಿರುತ್ತಿದ್ದೆ, ಅದಕ್ಕೆ ಎರಡನೆಯ ಅರ್ಥವಿಲ್ಲ.

ಹೋಲಿಕೆಯ ನಕ್ಷೆಯನ್ನು ಮುಂದಿಟ್ಟೆ. ಮೊದಲು ನಕ್ಕರು. ನಂತರ ನಕ್ಷೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕಿಟಕಿಯ ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಪದೇ ಪದೇ ಒದೆಯುತ್ತಿದ್ದರು.

"ಸರ, ಪೆಟ್ಟಿಗಿ ತೆಗದ ಮ್ಯಾಲ ಏನೂ ಮುಟ್ಟಬಾರದು ಅಂತ ನೀವ ಗ್ವಾಡಿಗೆ ಹಚ್ಚೀರಿ."

"ತಪ್ಪು ತಿದ್ದಬಾರದು ಅಂತ ಹಚ್ಚಿಲ್ಲ."

"ಖಾಲಿ ಬಂದಿದ್ರ ಹೋಲಿಸಿ ನೋಡ್ತಿದ್ರೇನ್ರಿ ನೀವು? ಸಿಕ್ಕದ ಅಂತ ನೋಡಿದ್ರಿ. ಇದೂ ಇಣುಕಿದಂಗ ಆತಲ್ರಿ."

ಇದು ಒಳ್ಳೆಯ ವಾದ. ಯಾವ ಕಾರಣಕ್ಕೆ ನೋಡಿದರೂ ಎರಡು ಸೆಕೆಂಡ್ ಎರಡೇ ಸೆಕೆಂಡ್ ಎಂದೆ. ಹಿಮದ ಗುಂಪಿಗೂ ಸಮಿತಿಗೂ ನಾನು ಬರೆಯುತ್ತೇನೆ ಎಂದು ತಿಳಿಸಿದೆ.

"ಯಾವಾಗ್ರಿ?"

"ಪರಿಶೀಲನಾ ಮುಗದ ಕೂಡಲೆ."

ತಲೆಯಾಡಿಸಿ ಹೋದರು. ಊಟದ ಹೊತ್ತಿಗೆ ಬರಲಿಲ್ಲ.

9 ಮಾರ್ಚ್, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

10 ಮಾರ್ಚ್, ಶುಕ್ರವಾರ

ಖರಾಡೆಯವರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಪ್ರಬಂಧ ಇನ್ನೂ ಹೋಗಿಲ್ಲ, ಯಾರಿಗೂ ಹಾನಿಯಾಗಿಲ್ಲ, ಹದಿನೈದು ದಿನ ತಡವಾದರೆ ನ್ಯೂಟ್ರಿನೋ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಅದು ಈಗಾಗಲೇ ಓಡಿಹೋಗಿದೆ ಎಂದೆ.

"ಕೌಜಲಗಿ, ಪೋರಾಚಾ ಇಂಟರ್‌ವ್ಯೂ ಹೋಊ ದ್ಯಾ. ಪುಢೆ ಬಘೂ."

ಹುಡುಗನ ಸಂದರ್ಶನ ಮುಗಿಯಲಿ, ಮುಂದೆ ನೋಡೋಣ ಎಂದು ಅರ್ಥ. ಮರಾಠಿಯ ಈ 'ಪುಢೆ'ಗೂ ನಮ್ಮ 'ಮುಂದೆ'ಯ ಎಲ್ಲ ತೊಂದರೆಗಳಿವೆ. ಆ ಮಾತನ್ನು ಅವರಿಗೆ ಹೇಳಲಿಲ್ಲ.

ಸಂದರ್ಶನಕ್ಕೆ ಇನ್ನೂ ನಾಲ್ವರು ಬರುತ್ತಾರೆ. ಅವರೊಂದಿಗೆ ತೂಗಿ ನೋಡುವಾಗ ಇಲ್ಲದ ಒಂದು ಕಣವನ್ನು ಸಿದ್ದಾರೂಢರ ತಕ್ಕಡಿಗೆ ಹಾಕಿದಂತಾಗುತ್ತದೆ. ಇದನ್ನು ಖರಾಡೆಯವರಿಗೆ ಹೇಳಬಹುದಿತ್ತು.

13 ಮಾರ್ಚ್, ಸೋಮವಾರ

ಲೆಕ್ಕವನ್ನು ಮೂರನೆಯ ಬಾರಿ, ಬೇರೆ ವಿಧಾನದಿಂದ ಪರಿಶೀಲಿಸಿದೆ. ಅದೇ ಉತ್ತರ. ಇನ್ನೂ ಕೆಲವು ಅಂಶಗಳನ್ನು ನೋಡುವುದು ಒಳ್ಳೆಯದು.

ಸಿದ್ದಾರೂಢ ಗ್ರಂಥಾಲಯದಲ್ಲಿ ಕುಳಿತು ಸಂದರ್ಶನಕ್ಕೆ ಓದುತ್ತಿದ್ದಾನೆ. ಡಬ್ಬಿ ಅಲ್ಲಿಗೇ ಒಯ್ಯುತ್ತಾನೆಂದು ತೋರುತ್ತದೆ.

16 ಮಾರ್ಚ್, ಗುರುವಾರ

ನಿನ್ನೆ ಹೋಳಿಯ ಬಣ್ಣದ ರಜೆ. ಮನೆಯಲ್ಲಿದ್ದೆ. ಹಿಮದ ಗುಂಪಿಗೆ ಪತ್ರದ ಕರಡು ಸಿದ್ಧಪಡಿಸಿದೆ. ಚಿಕ್ಕದಾಗಿದೆ, ಅದರಲ್ಲಿ ಬದಲಿಸುವಂಥದ್ದೇನೂ ಇಲ್ಲ. ಭಾಷೆಯನ್ನು ಇನ್ನೊಮ್ಮೆ ನೋಡಬೇಕು.

ಇಂದು ಊಟ ಹೋಟೆಲಿನಲ್ಲಿ. ಕುಶಲ ಶೆಟ್ಟರು, "ಮಧ್ಯಾಹ್ನವೂ ಇಲ್ಲಿಯೇ ಶುರು ಮಾಡಿದ್ರಾ? ನಿಮ್ಮ ರೊಟ್ಟಿಯ ಹುಡುಗ ಎಲ್ಲಿ?" ಎಂದು ಕೇಳಿದರು. ಅವನಿಗೆ ಓದುವುದಿದೆ ಎಂದೆ. ಸಾಂಬಾರಿಗೆ ಇಂದು ಉಪ್ಪು ಹೆಚ್ಚಾಗಿತ್ತು. ಹೇಳಿದೆ. ಅವರು ಎದ್ದು ನಿಂತು ನನ್ನ ಮುಖ ನೋಡಿದರು. "ಹುಷಾರಿದ್ದೀರಲ್ವಾ ಸಾರ್?" ಎಂದರು.

20 ಮಾರ್ಚ್, ಸೋಮವಾರ

ಐದನೆಯ ಪರಿಶೀಲನೆ. ವ್ಯತ್ಯಾಸವಿಲ್ಲ.

23 ಮಾರ್ಚ್, ಗುರುವಾರ

ಪತ್ರ ಕಂಪ್ಯೂಟರಿನಲ್ಲಿ ಸಿದ್ಧವಾಗಿದೆ. ಸಂಜೆ ಅದನ್ನು ತೆರೆದು ಓದಿ ಮುಚ್ಚಿದೆ. ಸೋಮವಾರ 27ರಂದು ಕಳಿಸುವುದು ಅನುಕೂಲ. ವಾರದ ಕೊನೆಯಲ್ಲಿ ಕಳಿಸಿದ ಪತ್ರಗಳನ್ನು ಯಾರೂ ಗಮನವಿಟ್ಟು ಓದುವುದಿಲ್ಲ.

ಮೆಟ್ಟಿಲಿನ ಬಳಿ ಸಿದ್ದಾರೂಢ ಸಿಕ್ಕಿದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದಾನೆ. ಕಿವಿಗಳು ದೊಡ್ಡದಾಗಿ ಕಾಣುತ್ತವೆ. "ನಾಳಿ ಅದರೀ ಸರ," ಎಂದ. ಗೊತ್ತು ಎಂದೆ. ಇನ್ನೇನೋ ಕೇಳುವವನಂತೆ ನಿಂತ. ನಾನೂ ನಿಂತೆ. ಮೇಲಿಂದ ಯಾರೋ ಇಳಿದು ಬಂದರು.

24 ಮಾರ್ಚ್, ಶುಕ್ರವಾರ

ಅಭ್ಯರ್ಥಿ ನನ್ನ ವಿಭಾಗದವನಾದುದರಿಂದ ನಾನು ಸಮಿತಿಯಲ್ಲಿರಲಿಲ್ಲ. ಕ್ಯಾಂಟೀನಿನಲ್ಲಿ ಕುಳಿತಿದ್ದೆ. ಅವನನ್ನು ಮೂರನೆಯವನಾಗಿ ಕರೆದರು. ನಿರೀಕ್ಷೆಗಿಂತ ಬೇಗ ಹೊರಬಂದ. ಎರಡು ಚಹಾ ತಂದು, ಒಂದನ್ನು ನನ್ನ ಮುಂದಿಟ್ಟು ಕುಳಿತ.

"ಮೊದಲನೇ ಪ್ರಶ್ನಾನೇ ಅದ ಇತ್ರಿ ಸರ. ಆ ನ್ಯೂಟ್ರಿನೋ ಬಗ್ಗೆ ಹೇಳ್ರಿ ಅಂದ್ರು."

"ಏನಂದ್ರಿ?"

"ಅದು ಇಲ್ಲ ಅಂದೆ. ಹಲಗಿ ಮ್ಯಾಲ ಗೆರಿ ಹೊಡದು ತೋರಿಸಿದೆ. ಮೈನಸ್ ಇರಬೇಕಾದಲ್ಲಿ ಪ್ಲಸ್ ಅದ, ಅದಕ್ಕ ಒಳಗ ಕಾಣತದ, ನಿಜವಾಗಿ ಅದು ಹೊರಗ ಅದ ಅಂದೆ. ಒಬ್ಬರು, ಇದು ಯಾರ ತಪ್ಪು ಅಂತ ಕೇಳಿದ್ರು. ಕನ್ನಡದ್ದು ಅಂದೆ. ಯಾರೂ ನಗಲಿಲ್ಲ."

ನಾನೂ ನಗಲಿಲ್ಲ. ಅವನು ಚಹಾ ಕುಡಿದ.

"ಖರೇ ಹೇಳ್ತೇನ್ರಿ ಸರ, ಹೇಳೂ ಧೈರ್ಯ ಇರಲಿಲ್ಲ. ನೀವು ಪತ್ರ ಕಳಿಸಿ ಎರಡು ವಾರ ಆಗಿರತದ, ಇವರ ಕೈಯಾಗ ಅದ, ನಾ ಏನು ಹೇಳ್ತೇನಿ ಅಂತ ನೋಡಾಕ ಕೇಳಾಕತ್ತಾರ ಅಂತ ತಿಳದೆ. ಕೌಜಲಗಿ ಸರ ಅಂದ್ರ ಕಳಿಸಿರ್ತಾರ ಅಂತ. ಆದ್ರ ಗೆರಿ ಹೊಡಿಯೂ ಹೊತ್ತಿಗೆ ಅವರ ಮಾರಿ ನೋಡಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ."

"ಕಳಿಸಿರಲಿಲ್ಲ," ಎಂದೆ.

"ಯಾಕ್ರಿ?"

ಪರಿಶೀಲನೆ ಎಂದು ಹೇಳಬೇಕೆಂದುಕೊಂಡೆ. ಅವನು ನನ್ನನ್ನು ನೋಡುತ್ತಲೇ ಇದ್ದ. ಆಮೇಲೆ ನೋಡುವುದನ್ನು ಬಿಟ್ಟು ಲೋಟದ ತಳವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸತೊಡಗಿದ.

"ನನ್ನ ಸಲವಾಗಿ?" ಎಂದ.

ಚಹಾ ಆರಿಹೋಗಿತ್ತು. ಕುಡಿದೆ.

ಐದು ಗಂಟೆಗೆ ಹಿಮದ ಗುಂಪಿಗೂ ಸಮಿತಿಗೂ ಪತ್ರ ಕಳಿಸಿದೆ. ತಪ್ಪು ಮಾರ್ಚ್ 7ರಂದು ಗೊತ್ತಾಯಿತೆಂದೂ, ಇಷ್ಟು ದಿನ ಪತ್ರವನ್ನು ತಡೆದವನು ನಾನೆಂದೂ ಒಂದು ವಾಕ್ಯ ಸೇರಿಸಿದೆ. ಕಾರಣ ಬರೆಯಲಿಲ್ಲ.

28 ಮಾರ್ಚ್, ಮಂಗಳವಾರ

ಫಲಿತಾಂಶ ಬಂದಿದೆ. ಹೊರಗಿನ ಅಭ್ಯರ್ಥಿಯೊಬ್ಬರ ಆಯ್ಕೆಯಾಗಿದೆ. ಅವರ ಕೆಲಸವನ್ನು ಬಲ್ಲೆ, ಯೋಗ್ಯರು. ಖರಾಡೆಯವರು ಎರಡು ದಿನಗಳಿಂದ ನನ್ನೊಂದಿಗೆ ಮಾತನಾಡುತ್ತಿಲ್ಲ.

ಹಿಮದ ಗುಂಪಿನವರು ಸಭ್ಯವಾಗಿ ಉತ್ತರಿಸಿದ್ದಾರೆ. ತಿದ್ದಿದ ಸಮಯಗಳನ್ನೆಲ್ಲ ತಿಂಗಳು ಮುಗಿಯುವುದರೊಳಗೆ ಕಳಿಸಬೇಕಂತೆ. ಪ್ರೋಗ್ರಾಮಿನಲ್ಲಿ ಬದಲಿಸಬೇಕಾದದ್ದು ಒಂದೇ ಚಿಹ್ನೆ. ನಾನೇ ಬದಲಿಸಬಹುದು. ಇನ್ನೂ ಬದಲಿಸಿಲ್ಲ.

30 ಮಾರ್ಚ್, ಗುರುವಾರ

ಯುಗಾದಿ. ಸಂಸ್ಥೆಗೆ ರಜೆ. ಹತ್ತು ಗಂಟೆಗೆ ದಾಪೋಡಿಗೆ ಹೋದೆ. ಯಾರೂ ಕರೆದಿರಲಿಲ್ಲ.

ಬಾಗಿಲು ತೆರೆದವರು ಸಾವಂತ್ರವ್ವನವರು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಬಾಗಿಲು ಬಿಟ್ಟು ಒಳಗೆ ಹೋದರು. ಸಿದ್ದು ಗೋಡೆಯ ಹಲಗೆಯ ಮೇಲಿನ ತಟ್ಟೆಗಳನ್ನು ಇಳಿಸುತ್ತಿದ್ದ. ನನ್ನನ್ನು ಕಂಡು ಅಂಗಿ ಹಾಕಿಕೊಂಡು ಬಂದ. ಬಾರಾಮತಿಯ ಡೇರಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವಿದೆಯೆಂದು ಯಾರೋ ಹೇಳಿದ್ದಾರಂತೆ; ಹಾಲು ಎಷ್ಟು ಬಿಸಿಯಾಗಿದೆ, ಎಷ್ಟು ಹೊತ್ತು ಬಿಸಿಯಾಗಿದೆ ಎಂದು ಅಳೆಯುವುದು. "ಅದರಾಗೂ ಸೆಕೆಂಡ್ ಅದಾವ್ರಿ ಸರ," ಎಂದ.

ಸಾವಂತ್ರವ್ವನವರು ಒಲೆಯ ಮುಂದಿನಿಂದ, ನನ್ನ ಕಡೆ ತಿರುಗದೆ ಮಾತನಾಡಿದರು.

"ನೀವು ಪತ್ರ ಕಳಿಸಲಾರದ ಇಟಗೊಂಡಿದ್ರಂತ. ಹೌದೇನ್ರಿ?"

"ಹೌದ್ರಿ."

"ಇಂವಾ ನೀವು ಕಳಿಸೀರಂತ ತಿಳದು ಹೇಳಿ ಬಂದನಂತ."

"ಹೌದ್ರಿ."

"ಒಬ್ಬರನ್ನೊಬ್ಬರು ಒಂದ್ ಮಾತು ಕೇಳಾಕ ಆಗಲಿಲ್ಲ ನಿಮಗ. ಅಷ್ಟು ಓದಿದವರು. ಎದುರಾಬದುರು ಕುಂತು ರೊಟ್ಟಿ ತಿಂದವರು." ಹೋಳಿಗೆಯನ್ನು ಕಾವಲಿಯ ಮೇಲೆ ಮಗುಚಿದರು. "ಒಂದ್ ಸೆಕೆಂಡಿಗೆ ಹೋತಲ್ರಿ ನನ್ನ ಮಗನ ನೌಕರಿ."

"ಎರಡು," ಎಂದೆ.

ಹೇಳಿದ ಮೇಲೆ ತಿಳಿಯಿತು. ಆಕೆ ಈಗ ತಿರುಗಿ ನೋಡಿದರು. ಕೆಳಗೆ ರೈಲು ಹಾದುಹೋಗುತ್ತಿತ್ತು. ಸಿದ್ದು ಬಾಯಿಗೆ ಕೈ ಅಡ್ಡ ಹಿಡಿದ, ಹಿಡಿದು ಪ್ರಯೋಜನವಾಗಲಿಲ್ಲ, ಗೋಡೆಗೆ ಆನಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅದೆಲ್ಲವೂ ನಗುವಾಗಿತ್ತೆಂದು ನಾನು ಖಚಿತವಾಗಿ ಹೇಳಲಾರೆ.

ಸಾವಂತ್ರವ್ವನವರು ನಗಲಿಲ್ಲ. "ಎರಡ ಆಗ್ಲಿ," ಎಂದರು. "ಕೈ ತೊಳಕೋರಿ."

ಉಂಡೆವು. ಸಾಕು ಎಂದದ್ದನ್ನು ಆಕೆ ಕೇಳಿಸಿಕೊಳ್ಳಲಿಲ್ಲ.

ಸಿದ್ದು ರಸ್ತೆಯವರೆಗೆ ಬಂದ. ನಾಳೆ ಅವನ ಹುದ್ದೆಯ ಕಡೆಯ ದಿನ. ಕೋಣೆಯ ಕೀಲಿಯನ್ನು ಯಾರ ಕೈಯಲ್ಲಾದರೂ ಕಳಿಸಿದರೂ ನಡೆಯುತ್ತದೆ, ಬರಲೇಬೇಕೆಂದಿಲ್ಲ ಎಂದು ಹೇಳಿದೆ.

"ಪ್ರೋಗ್ರಾಮ್ ತಿದ್ದೀರೇನ್ರಿ?"

"ಇಲ್ಲ."

"ಮತ್ತ ಬರಲಾರದ ಹೆಂಗ್ರಿ? ಪ್ಲಸ್ ಹಾಕಿದಾಂವ ನಾನು. ಮೈನಸ್ಸೂ ನಾನ ಹಾಕ್ತೇನಿ."

ಬಸ್ಸು ಬಂತು. ಹತ್ತಿದೆ. ಕಿಟಕಿಯ ಬಳಿ ಜಾಗವಿತ್ತು.

"ಒಂಬತ್ತಕ್ಕ ಬಾ," ಎಂದೆ.